ಬ್ಯಾಟರಿ ಗಾಡಿ ಎತ್ತಾಕಿದ ಬೆಳಿಗ್ಗೆ

ಹಾಲಿನ ಡೇರಿಯಲ್ಲಿ ಹಾಲು ಅಳೆದುಕೊಂಡು, ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡಿಕೊಂಡು ಜೀವಮಾನ ಕಳೆದವನಿಗೆ ಮನುಷ್ಯರ ಮೇಲೆ ನಂಬಿಕೆ ಹುಟ್ಟುವುದು ಕಷ್ಟ. ಕ್ಯಾನು ಕೆಳಗಿಡುವ ರೀತಿಯಲ್ಲೇ ಇವನು ನೀರು ಬೆರೆಸಿದ್ದಾನೆ, ಇವನು ಬೆರೆಸಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಬೆರೆಸದವನು ಸುಮ್ಮನೆ ನಿಂತಿರುತ್ತಾನೆ. ಬೆರೆಸಿದವನು ಮೊದಲು ಮಳೆ ಬೆಳೆಯ ವಿಚಾರ ತೆಗೆಯುತ್ತಾನೆ. ಆದ್ದರಿಂದ ಯಾರಾದರೂ ವಿನಾಕಾರಣ ನಯವಾಗಿ ಮಾತಾಡಿದರೆ ನನ್ನ ಕೈ ತಾನಾಗಿಯೇ ಜೇಬಿನ ಮೇಲೆ ಹೋಗುತ್ತದೆ. ನನ್ನ ಹೆಂಡತಿಗೆ ಇದನ್ನು ಕಂಡರಾಗದು. "ನೀವು ದೇವ್ರ ತೀರ್ಥಕ್ಕೂ ಡಿಗ್ರಿ ಹಾಕಿ ನೋಡೋರು" ಎನ್ನುತ್ತಾಳೆ.

ಅವಳಿಗೆ ನರದ ಕಾಯಿಲೆ. ಸೊಂಟದ ಕೆಳಗೆ ಬಲವಿಲ್ಲ. ಗೋಡೆ ಹಿಡಿದರೆ ನಾಲ್ಕು ಹೆಜ್ಜೆ ಇಡುತ್ತಾಳೆ, ಆಮೇಲೆ ಕುಸಿಯುತ್ತಾಳೆ. ಬಹಳ ಕಾಲ ನಾಗಮಂಗಲದ ನಮ್ಮ ಮನೆಯ ನಡುಮನೆ ಮಂಚವೇ ಅವಳ ಊರಾಗಿತ್ತು. ನಾನು ಎತ್ತಿದರೆ ಏಳಬೇಕು, ನಾನು ತಳ್ಳಿದರೆ ಗಾಲಿಕುರ್ಚಿ ಹೋಗಬೇಕು. ಆಮೇಲೆ ಮೈಸೂರಿನ ಒಂದು ಮನೆಯವರಿಂದ ಈ ಬ್ಯಾಟರಿ ಗಾಡಿ ಸಿಕ್ಕಿತು. ನಾಲ್ಕು ಸಣ್ಣ ಚಕ್ರ, ತಿರುಗುವ ಸೀಟು, ಮುಂದೆ ಸೈಕಲ್ಲಿನ ಹಾಗೆ ಹ್ಯಾಂಡಲ್ಲು, ಅದಕ್ಕೊಂದು ಬುಟ್ಟಿ. ಹೆಬ್ಬೆರಳಿನಲ್ಲಿ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಮೊದಲ ದಿನವೇ ಅವಳು ಬೀದಿಯ ಕೊನೆಯವರೆಗೆ ಹೋಗಿ ಕೊತ್ತಂಬರಿ ಸೊಪ್ಪು ತಂದಳು. ನಾನು ಹಿಂದೆ ಹಿಂದೆ ಓಡಿದೆ. ಇಂಥ ಗಾಡಿ ನಮ್ಮ ಕಡೆ ಇನ್ನೊಂದನ್ನು ನಾನು ಕಂಡಿಲ್ಲ. ಅದು ಕಳುವಾದರೆ ಅವಳು ಮತ್ತೆ ಮಂಚಕ್ಕೆ. ಈ ಒಂದು ಮಾತನ್ನು ನೀವು ನೆನಪಿಟ್ಟುಕೊಂಡರೆ, ಆ ಪ್ರವಾಸದಲ್ಲಿ ನಾನು ಆಡಿದ್ದಕ್ಕೆಲ್ಲ ಅರ್ಥ ಸಿಗುತ್ತದೆ.

ಪ್ರವಾಸ ಹೋಗೋಣ ಎಂದವಳು ಅವಳೇ. ಗೋವಿಂದನಹಳ್ಳಿಯ ಗುಡಿ ನೋಡಬೇಕು, ಕೆ.ಆರ್.ಎಸ್.ನಲ್ಲಿ ಉಳಿಯಬೇಕು, ಶ್ರೀರಂಗಪಟ್ಟಣ ಸುತ್ತಬೇಕು. ದೂರದ್ದೇನಲ್ಲ, ಎಲ್ಲ ನಮ್ಮ ಸುತ್ತಮುತ್ತಲಿನದೇ. ಆದರೆ ಗಾಡಿ ಹೊರಬೇಕಲ್ಲ? ಕಿಕ್ಕೇರಿ ಕಡೆಯ ಒಬ್ಬ ಡ್ರೈವರು ಸಿಕ್ಕಿದ. ತನ್ನ ವ್ಯಾನಿನ ಹಿಂದಿನ ಸೀಟು ತೆಗೆದು ಜಾಗ ಮಾಡಿದ್ದ. ಎರಡು ಹಲಗೆ ಇಳಿಜಾರಾಗಿ ಇಟ್ಟು ಗಾಡಿಯನ್ನು ಒಳಗೆ ಹತ್ತಿಸಿ ತೋರಿಸಿದ. ಎಲ್ಲ ಸರಿಯಿತ್ತು. ಆಮೇಲೆ ಕೈ ಒರೆಸಿಕೊಳ್ಳುತ್ತಾ, "ಈ ಸಾರಿ ಮಳೆ ಪರ್ವಾಗಿಲ್ಲ ಅಲ್ವಾ ಯಜಮಾನ್ರೆ?" ಎಂದ. ನನ್ನ ಕೈ ಜೇಬಿನ ಮೇಲೆ ಹೋಯಿತು.

ಕೆ.ಆರ್. ಪೇಟೆ ದಾಟಿ ಗೋವಿಂದನಹಳ್ಳಿ ತಲುಪುವವರೆಗೂ ನಾನು ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿಯೇ ಕೂತಿದ್ದೆ. ಗಾಡಿಗೆ ಹಗ್ಗ ಕಟ್ಟಿದ್ದು ಸಡಿಲವಾಯಿತೇ ಎಂದು ನೋಡುವುದು, ಡ್ರೈವರು ಕನ್ನಡಿಯಲ್ಲಿ ಏನು ನೋಡುತ್ತಿದ್ದಾನೆ ಎಂದು ನೋಡುವುದು. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ ನಗುತ್ತಿದ್ದ. ಹೆಂಡತಿಯೂ ನಗುತ್ತಿದ್ದಳು. ನನಗೆ ಕತ್ತು ಹಿಡಿದುಕೊಂಡಿತು.

ಗುಡಿಯ ಮುಂದೆ ಹೊಸದೊಂದು ತಕರಾರು ಎದ್ದಿತು. ಜಗಲಿಯ ಮೇಲೆ ಕೂತಿದ್ದ ಊರಿನ ಹಿರಿಯರೊಬ್ಬರು ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ಚಪ್ಲಿ ಈಚೆ ಬುಡ್ಬೇಕು" ಎಂದರು. ಅವಳು ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಇದ್ದಳು. ಹಿರಿಯರು ತೋರಿಸಿದ್ದು ಚಕ್ರಗಳನ್ನು. ರಸ್ತೆ ತುಳಿದು ಬಂದ ರಬ್ಬರು, ಚಪ್ಪಲಿಯಲ್ಲದೆ ಮತ್ತೇನು ಎಂಬುದು ಅವರ ವಾದ. ನಾನು ಬಿಡಲಿಲ್ಲ. ಅದು ಅವಳ ಕಾಲು, ಕಾಲನ್ನು ಯಾರಾದರೂ ಹೊರಗೆ ಬಿಟ್ಟು ಹೋಗುತ್ತಾರಾ ಎಂದೆ. ಅವರು ನನ್ನನ್ನೇ ನೋಡುತ್ತಾ, "ಅವ್ರಿಗೆ ಏನಾಗದೆ? ಹುಟ್ಟಿದಾಗಿಂದ್ಲೂ ಇಂಗೇಯಾ?" ಎಂದರು. ನಾನು ಕಾಯಿಲೆಯ ಕಥೆಯನ್ನು ಮೊದಲಿನಿಂದ ಹೇಳಿದೆ. ಅವಳು ಕಂಬದ ಕೆತ್ತನೆ ನೋಡುತ್ತಾ ಕೂತಿದ್ದಳು.

ಅಷ್ಟರಲ್ಲಿ ಡ್ರೈವರು ಒಂದು ಬಿಂದಿಗೆ ನೀರು ತಂದು ನಾಲ್ಕೂ ಚಕ್ರಕ್ಕೆ ಹುಯ್ದು ಉಜ್ಜಿದ. "ಕಾಲು ತೊಳ್ದಂಗಾಯ್ತು, ಈಗ ಬುಡಿ ತಾತ" ಎಂದ. ಹಿರಿಯರು ಯೋಚಿಸಿ, ಕಾಲಾದರೆ ಸರಿ ಎಂದು ಒಪ್ಪಿದರು. ಐದು ಗರ್ಭಗುಡಿಗಳ ಆ ಉದ್ದದ ಗುಡಿಯಲ್ಲಿ, ಹಲಗೆ ಇಟ್ಟು ಹತ್ತಿಸಿದ ಮೇಲೆ, ನನ್ನ ಹೆಂಡತಿ ಒಂದೊಂದು ಲಿಂಗದ ಎದುರೂ ಗಾಡಿ ನಿಲ್ಲಿಸುತ್ತಾ ಹೋದಳು. ನಾನು ಆ ಹಿರಿಯರ ಜೊತೆ ಉಳಿದ ಕಥೆ ಮುಗಿಸಿ ಹೋಗುವಷ್ಟರಲ್ಲಿ ಅವಳೂ ಡ್ರೈವರೂ ಕಂಬದ ಮರೆಯಲ್ಲಿ ಏನೋ ಪಿಸುಗುಟ್ಟುತ್ತಿದ್ದರು. ನಾನು ಹತ್ತಿರ ಬಂದೊಡನೆ ಮಾತು ನಿಂತಿತು. ಡ್ರೈವರು ತಲೆ ಕೆರೆದುಕೊಳ್ಳುತ್ತಾ ಮೇಲೆ ಚಾವಣಿ ನೋಡಿದ. ಚಾವಣಿಯಲ್ಲಿ ನೋಡುವಂಥದ್ದು ಇತ್ತು, ನಿಜ. ಆದರೆ ಅವನು ನೋಡಿದ ರೀತಿ ಸರಿಯಿರಲಿಲ್ಲ.

ಸಾಯಂಕಾಲ ಪಾಂಡವಪುರದ ಮೇಲೆ ಹಾದು ಕೆ.ಆರ್.ಎಸ್. ಸೇರಿದೆವು. ಸಣ್ಣದೊಂದು ಲಾಡ್ಜು, ಬಾಗಿಲಿಗೆ ಮೆಟ್ಟಿಲು. ನಾನೂ ಡ್ರೈವರೂ ಆಚೀಚೆ ಹಿಡಿದು ಗಾಡಿಯನ್ನು ಎತ್ತಿ ಒಳಗಿಟ್ಟೆವು. ನನ್ನ ಸೊಂಟ ಕಿರ್ ಎಂದಿತು. ರೂಮಿನೊಳಗೆ ಗಾಡಿ ಹಿಡಿಸಲಿಲ್ಲ. ನಡುವಿನ ಓಣಿಯಲ್ಲಿ, ಅಡುಗೆಮನೆಯ ಪಕ್ಕದ ಪ್ಲಗ್ಗಿಗೆ ಚಾರ್ಜಿಗೆ ಹಾಕಿದೆವು. ನಾನು ಮುಖ ತೊಳೆದು ಬಂದು ನೋಡುತ್ತೇನೆ, ನಮ್ಮ ಪಿನ್ನು ನೆಲದ ಮೇಲೆ ಬಿದ್ದಿದೆ! ಆ ಪ್ಲಗ್ಗಿನಲ್ಲಿ ಮಿಕ್ಸಿ ತಿರುಗುತ್ತಿದೆ. ಲಾಡ್ಜಿನ ಮ್ಯಾನೇಜರು, "ಚಟ್ನಿ ಸಾ, ಈಗ್ ಆಗೋಯ್ತದೆ" ಎಂದ. ಚಟ್ನಿ ಆಗುವವರೆಗೂ ಅವನ ತಲೆಯ ಮೇಲೆ ನಿಂತಿದ್ದು ಪಿನ್ನನ್ನು ನಾನೇ ಮತ್ತೆ ಚುಚ್ಚಿದೆ. ನನ್ನ ಅನುಮಾನಗಳು ಪೂರ್ತಿ ಸುಳ್ಳಾಗಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದೆ. ಅರ್ಧ ನಿಜವಾಗುತ್ತವೆ, ಅದೇ ಗ್ರಹಚಾರ.

ಟೀ ಕುಡಿಯೋಣವೆಂದು ಹೊರಗೆ ಬಂದಾಗ ವ್ಯಾನಿನ ಮರೆಯಲ್ಲಿ ಡ್ರೈವರು ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳಿಸಿತು.

"ಲೋ, ಬೆಳಿಗ್ಗೇನೆ ಬಂದ್ಬುಡ್ಲಾ. ಯಜಮಾನ್ರು ಏಳೋ ಅಷ್ಟೊತ್ಗೆ ಗಾಡಿ ಎತ್ತಾಕ್ಬುಡೋಣ. ಒಬ್ನ ಕೈಲಿ ಆಗಕ್ಕಿಲ್ಲ, ಬ್ಯಾಟ್ರಿ ಭಾರ ಅದೆ. ಇಲ್ಲ ಕಣ್ಲಾ, ಅವ್ರಿಗೆ ಗೊತ್ತಾದ್ರೆ ಬುಡಕ್ಕಿಲ್ಲ. ಭಾರಿ ಅನ್ಮಾನದ ಗಿರಾಕಿ."

ನಮ್ಮ ಕಡೆ 'ಎತ್ತಾಕು' ಎಂಬ ಮಾತಿಗೆ ಎರಡು ಮುಖ. ಹುಲ್ಲಿನ ಹೊರೆಯನ್ನು ಟ್ರಾಕ್ಟರಿಗೆ ಎತ್ತಾಕುತ್ತಾರೆ, ಅದು ಕೆಲಸ. ಸಂತೆಯಲ್ಲಿ ನಿಲ್ಲಿಸಿದ ಬೈಕನ್ನೂ ಎತ್ತಾಕುತ್ತಾರೆ; ಅದು ಕಳ್ಳತನ. ಯಾವುದು ಎಂಬುದನ್ನು ಆಡಿದವನ ದನಿಯಿಂದ ತಿಳಿಯಬೇಕು. ಇವನು ಆಡಿದ್ದು ಮೆಲುದನಿಯಲ್ಲಿ, ಆಚೀಚೆ ನೋಡಿಕೊಂಡು. ಇನ್ನು ಅನುಮಾನ ಏನು ಬಂತು? ಟೀ ಬಿಟ್ಟು ಸೀದಾ ರೂಮಿಗೆ ಬಂದೆ. ಅವಳು ಮತ್ತೆ ಆ ಮಂಚದ ಮೇಲೆ ಸೂರು ನೋಡುತ್ತಾ ಮಲಗಿರುವುದೇ ಕಣ್ಣ ಮುಂದೆ ಬಂತು.

"ಆ ಡ್ರೈವರು ಕಳ್ಳ ಕಣೆ" ಎಂದೆ. "ನಾಳೆ ಬೆಳಿಗ್ಗೆ ಗಾಡಿ ಎತ್ತಾಕ್ತಾನೆ. ಜತೆಗೆ ಇನ್ನೊಬ್ಬನ್ನ ಕರ್ಸ್ತಾವ್ನೆ. ನನ್ನ ಕಿವಿಯಾರೆ ಕೇಳ್ದೆ."

ತಲೆ ಬಾಚುತ್ತಿದ್ದವಳ ಕೈ ಒಂದು ಕ್ಷಣ ನಿಂತಿತು. "ಅಂಗಂದ್ನಾ?" ಎಂದಳು. ಮತ್ತೆ ಬಾಚತೊಡಗಿದಳು. "ಸರಿ. ಗಾಡಿ ಕೀಲಿ ನಿಮ್ಮತ್ರಾನೇ ಮಡೀಕಳಿ. ಕೀಲಿ ಇಲ್ದೆ ಅದು ಎಲ್ಗೋಯ್ತದೆ? ನೆಮ್ಮದಿಯಾಗಿ ಮಲೀಕಳಿ."

ನನಗೆ ಅವಳ ಬುದ್ಧಿ ಮೆಚ್ಚುಗೆಯಾಯಿತು. ಕೀಲಿಯನ್ನು ನನ್ನ ಪಟಾಪಟಿ ಚಡ್ಡಿಯ ಒಳಜೇಬಿಗೆ ಇಳಿಸಿ ಗುಂಡಿ ಹಾಕಿದೆ. ಇಡೀ ರಾತ್ರಿ ಎಚ್ಚರವಿರಬೇಕೆಂದು ತೀರ್ಮಾನಿಸಿ ಮಲಗಿದೆ. ಕತ್ತು ನೋವು, ಸೊಂಟ ನೋವು, ಪ್ರಯಾಣದ ಆಯಾಸ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು.

ಪಕ್ಕದ ಹಾಸಿಗೆ ಖಾಲಿ. ಓಣಿಗೆ ಓಡಿದೆ; ಗಾಡಿ ಇಲ್ಲ. ಬಾಗಿಲಿಗೆ ಓಡಿದೆ; ವ್ಯಾನೂ ಇಲ್ಲ. ಜೇಬು ಮುಟ್ಟಿ ನೋಡಿಕೊಂಡರೆ ಕೀಲಿ ಬೆಚ್ಚಗೆ ಅಲ್ಲೇ ಇದೆ. ಗಾಡಿ ಕದ್ದ, ಸರಿ. ನನ್ನ ಹೆಂಡತಿಯನ್ನು ಯಾಕೆ ಕದ್ದ?

ಮ್ಯಾನೇಜರು ಇಡ್ಲಿ ತಟ್ಟೆ ಜೋಡಿಸುತ್ತಾ, ಏನೂ ಆಗಿಲ್ಲವೆಂಬಂತೆ, "ಅಮ್ಮಾವ್ರು ಓದ್ರಲ್ಲ ಸಾ, ಬಲಮುರಿಗೆ" ಎಂದ. "ಇಬ್ರು ಸೇರ್ಕಂಡು ಗಾಡಿ ಎತ್ತಾಕುದ್ರು. ನಮ್ಮನೆಯವ್ಳು ಅಮ್ಮಾವ್ರ ಕೈ ಹಿಡ್ದು ಇಳ್ಸುದ್ಲು. ನಿಮ್ಮನ್ನ ಎಬ್ಬುಸ್ಬ್ಯಾಡಿ ಅಂತ ಯೋಳಿದ್ರು."

ನಾನು ನಂಬಲಿಲ್ಲ. ಇವನೂ ಅವರ ಕಡೆಯವನೇ, ನಿನ್ನೆ ಚಟ್ನಿಯ ಹೊತ್ತಿಗೇ ಗೊತ್ತಾಗಿತ್ತಲ್ಲ. ಆದರೂ ಹೋಗಲು ಬೇರೆ ದಿಕ್ಕಿಲ್ಲ. ಪಂಚೆ ಸುತ್ತಿಕೊಂಡು, ತಲೆ ಕೂಡ ಬಾಚದೆ ಆಟೋ ಹತ್ತಿದೆ. ದಾರಿಯುದ್ದಕ್ಕೂ ಎದುರು ಬಂದ ಪ್ರತಿ ವ್ಯಾನಿನ ಒಳಗೂ ಬಗ್ಗಿ ನೋಡಿದೆ. ಪೊಲೀಸರಿಗೆ ಏನು ಹೇಳುವುದು, ಯಾವುದನ್ನು ಮೊದಲು ಹೇಳುವುದು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಬಲಮುರಿಯಲ್ಲಿ ಕಾವೇರಿ ಅಗಲವಾಗಿ, ಕಟ್ಟೆಯ ಮೇಲೆ ತೆಳ್ಳಗೆ ಜಾರಿ ಹರಿಯುತ್ತದೆ. ನೀರಿನ ಅಂಚಿನಲ್ಲಿ, ಸಮತಟ್ಟಾದ ಬಂಡೆಯ ಮೇಲೆ ಗಾಡಿ ನಿಂತಿತ್ತು. ಅದರ ಮೇಲೆ ಅವಳು, ಸೀರೆ ಮೊಣಕಾಲಿನವರೆಗೆ ಎತ್ತಿಕೊಂಡು, ಪಾದ ಎರಡೂ ನೀರಿನಲ್ಲಿ. ಬಟ್ಟೆ ಒಗೆಯುವ ಹೆಂಗಸರ ಜೊತೆ ಅದೇನೋ ದೊಡ್ಡ ಮಾತು. ಡ್ರೈವರೂ ಅವನು ಫೋನಿನಲ್ಲಿ ಕರೆಸಿದ್ದ ಇನ್ನೊಬ್ಬನೂ ದೂರದಲ್ಲಿ ಬೀಡಿ ಸೇದುತ್ತಾ ಕೂತಿದ್ದರು. ನಾನು ಮೊದಲು ನುಗ್ಗಿದ್ದು ಅವನ ಮೇಲೆ.

"ಯಾರನ್ನ ಕೇಳಿ ಎತ್ತಾಕ್ಕಂಡ್ ಬಂದ್ಯೋ?"

ಅವನು ಬೀಡಿ ಆರಿಸಿ ಎದ್ದು ನಿಂತ. "ಅಕ್ಕನ್ನೇ ಕೇಳಿ, ಯಜಮಾನ್ರೆ" ಎಂದ.

ಅವಳನ್ನು ಕೇಳಿಕೊಂಡು ಬಂದೆ ಎಂದನೋ, ಹೋಗಿ ಅವಳನ್ನೇ ವಿಚಾರಿಸಿ ಎಂದನೋ ತಿಳಿಯಲಿಲ್ಲ. ನಾನು ಅವಳ ಹತ್ತಿರ ಹೋದೆ. ಅವಳು ತಾಳಿಸರ ಎತ್ತಿ ತೋರಿಸಿದಳು. ಸೇಫ್ಟಿ ಪಿನ್ನುಗಳ ನಡುವೆ ಗಾಡಿಯ ಇನ್ನೊಂದು ಕೀಲಿ ತೂಗುತ್ತಿತ್ತು.

"ನಂಗೊಂದ್ ಮಾತು ಹೇಳ್ಬಾರ್ದಾಗಿತ್ತಾ?" ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ. "ಎದೆ ಹೊಡ್ಕಂಡು ಸಾಯ್ತಿದ್ದೆ."

"ಹೇಳಿದ್ರೆ ನೀವೂ ಬರೋರು" ಎಂದಳು. "ನೀವು ಬಂದ್ರೆ ಎಲ್ರೂ ನಿಮ್ಮನ್ನೇ ಕೇಳ್ತಾರೆ. ಅವ್ರಿಗೆ ಕಾಫಿ ಬೇಕಾ, ಅವ್ರಿಗೆ ಬಿಸ್ಲಾಯ್ತದಾ ಅಂತ. ಮದ್ವೆ ಮನೇಲಿ ಒಬ್ರು, ಅವ್ರಿಗೆ ಕಿವಿ ಕೇಳ್ಸುತ್ತಾ ಅಂದ್ರು. ನಾನು ಅಲ್ಲೇ ಕೂತಿವ್ನಿ. ನೀವು, ಓ ಚೆನ್ನಾಗ್ ಕೇಳ್ಸುತ್ತೆ ಅಂದ್ರಿ. ನಂದು ಹೋಗಿರೋದು ಕಾಲು, ನಾಲ್ಗೆ ಅಲ್ಲ. ಈ ಗಾಡಿ ಬಂದಾಗ ಇನ್ ಪರ್ವಾಗಿಲ್ಲ ಅಂದ್ಕಂಡೆ. ಎಲ್ಲಿ, ನೀವು ಜತೇಲೇ ಓಡ್ಬರ್ತೀರಿ."

"ಕಳ್ಳಕಾಕರು ಇರ್ತಾರೆ ಅಂತ ಬರೋದು ಕಣೆ. ನಿನ್ ಒಳ್ಳೇದಕ್ಕೆ."

"ಕಳ್ಳರ ಮೇಲೆ ನಂಗೆ ಅನ್ಮಾನ ಇಲ್ಲ. ನಂಗಿರೋ ಅನ್ಮಾನ ನಿಮ್ ಮೇಲೆ." ಅವಳು ನೀರನ್ನು ನೋಡುತ್ತಾ ಹೇಳಿದಳು, ಸಿಟ್ಟಿಲ್ಲದೆ. "ನಾನು ಮಂಚದ ಮೇಲಿದ್ದಾಗ್ಲೇ ನಿಮಗೆ ಆರಾಮಾಗಿತ್ತೇನೋ ಅಂತ."

ನನಗೆ ಕೋಪ ಬಂತು. ಹೊತ್ತಿದ್ದು ಯಾರು, ತೊಳೆದಿದ್ದು ಯಾರು, ಇಷ್ಟು ವರ್ಷ ಒಂದು ಮದುವೆ ಮುಂಜಿಗೆ ಒಬ್ಬನೇ ಹೋಗದೆ ಕೂತವನು ಯಾರು ಎಂದು ಕೇಳಬೇಕೆನಿಸಿತು. ಬಟ್ಟೆ ಒಗೆಯುವ ಹೆಂಗಸರು ಕೈ ನಿಲ್ಲಿಸಿ ಕೇಳುತ್ತಿದ್ದರು. ಬಾಯಿ ತೆಗೆದೆ. ಸುಳ್ಳು ಎನ್ನುವ ಒಂದೇ ಒಂದು ಮಾತು ಸಾಕಾಗಿತ್ತು, ಅದು ಬರಲಿಲ್ಲ. ಗಾಡಿ ಮನೆಗೆ ಬಂದ ದಿನ ಬೀದಿಯಲ್ಲಿ ಅವಳ ಹಿಂದೆ ಓಡಿದಾಗ ನನಗೆ ಆದದ್ದು ಖುಷಿಯಷ್ಟೇ ಅಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು ಎಂದು ಈಗ ಗೊತ್ತಾಯಿತು. ಬಹಳ ಸಂಕಟವಾಯಿತು.

"ಓಗಿ, ಆ ಮರದ ಕೆಳಗೆ ಕೂತ್ಕಳಿ" ಎಂದಳು. "ನಾನ್ ಕರ್ದಾಗ ಬನ್ನಿ."

ಹೋಗಿ ಕೂತೆ. ಡ್ರೈವರು ಒಂದು ಲೋಟ ಟೀ ತಂದು ಪಕ್ಕದಲ್ಲಿಟ್ಟು ಹೋದ. ಕುಡಿದೆ.

ಸ್ವಲ್ಪ ಹೊತ್ತಿಗೆ ಸಂಸಾರ ಸಮೇತ ಸ್ನಾನಕ್ಕೆ ಬಂದಿದ್ದ ಒಬ್ಬಾತ, ತಲೆ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು ನಿಂತ. ಗಾಡಿಯನ್ನೇ ನೋಡುತ್ತಿದ್ದ. "ಆ ಅಮ್ಮ ನಿಮ್ಮೋರಾ ಸಾ?" ಎಂದ. ಹೂಂ ಎಂದೆ. "ಪಾಪ, ಏನಾಗದೆ ಅವ್ರಿಗೆ?"

ಈ ಪ್ರಶ್ನೆಗೆ ನನ್ನಲ್ಲಿ ತಯಾರಾದ ಉತ್ತರವಿತ್ತು. ಬಸ್ ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಚಪ್ಪರದ ಕೆಳಗೆ ಎಷ್ಟೋ ಸಲ ಹೇಳಿದ್ದೆ. ಮೊದಲು ಕಾಲು ಜೋಮು ಹಿಡಿದದ್ದು, ಆಮೇಲೆ ಬಿದ್ದದ್ದು, ಡಾಕ್ಟರು ಅಂದದ್ದು, ನಾನು ಮಾಡಿದ್ದು. ಕೊನೆಯಲ್ಲಿ ಕೇಳಿದವರು, ಪುಣ್ಯಾತ್ಮ ಕಣಪ್ಪ ನೀನು ಎನ್ನುತ್ತಿದ್ದರು. ಅಷ್ಟೂ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಅವಳನ್ನೇ ಕೇಳಪ್ಪ" ಎಂದೆ.

ಅವನು ನನ್ನನ್ನು ಒಂದು ಥರಾ ನೋಡಿ, ಸಂಕೋಚಪಡುತ್ತಾ ಅವಳ ಕಡೆ ಹೋದ. ಅವಳು ಸೀಟು ತಿರುಗಿಸಿಕೊಂಡು ಅವನಿಗೆ ಎದುರಾದಳು. ಬಹಳ ಹೊತ್ತು ಮಾತಾಡಿದರು. ಒಂದು ಸಲ ಅವಳು ಜೋರಾಗಿ ನಕ್ಕಳು, ಅವನೂ ನಕ್ಕ. ಇನ್ನೊಂದು ಸಲ ಅವಳು ಕೈ ಎತ್ತಿ ನನ್ನ ಕಡೆ ತೋರಿಸಿದಳು, ಇಬ್ಬರೂ ತಿರುಗಿ ನನ್ನನ್ನು ನೋಡಿದರು. ನೀರಿನ ಸದ್ದಿನಲ್ಲಿ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಏನು ಹೇಳಿದಳೆಂದು ಅವಳೂ ಹೇಳಿಲ್ಲ, ನಾನೂ ಇವತ್ತಿನವರೆಗೆ ಕೇಳಿಲ್ಲ.