ಜೇನುಪೆಟ್ಟಿಗೆಯ ಒದ್ದೆ ಗೋಣಿ

ಕಣ್ಣು ಬಿಟ್ಟಾಗ ನನ್ನ ತಲೆಯ ಮೇಲೊಂದು ಒದ್ದೆ ಗೋಣಿ ನೇತಾಡುತ್ತಿತ್ತು. ಹೋಟೆಲಿನ ರಾತ್ರಿ ಪಾಳಿ ಮುಗಿಸಿ, ಊರಿಗೆ ಹೊರಟಿದ್ದ ರೂಮ್‌ಮೇಟ್ ಕೈಯಲ್ಲಿ ಅಮ್ಮನಿಗೆ ಜೇನು ಕಳಿಸಲೆಂದು ದುಬೈಯಿಂದ ಹಟ್ಟಾದ ಗುಡ್ಡಗಳತ್ತ ನಾನೇ ಕಾರು ಓಡಿಸಿಕೊಂಡು ಬಂದಿದ್ದೆ. ಜೇನು ಸಾಕುವ ಮುದುಕ ಪಠಾಣರು ರುಚಿ ನೋಡಲು ಚಮಚ ಕೊಟ್ಟದ್ದಷ್ಟೇ ನೆನಪು. ಈಗ ನೋಡಿದರೆ, ಜೇನುಪೆಟ್ಟಿಗೆ ಬಿಸಿಲಿಗೆ ಕಾಯದಿರಲೆಂದು ಹೊದಿಸಿದ್ದ ಗೋಣಿಯನ್ನೇ ತೆಗೆದು ನನಗೆ ನೆರಳು ಕಟ್ಟಿದ್ದರು.

"ಬಾಟ್ಲಿ ಆಗ್ಲೇ ತುಂಬಿಸಿಟ್ಟೆ ಭಾಯ್. ಆ ನಿದ್ದೆಗಣ್ಣಲ್ಲಿ ಗಾಡಿ ಓಡಿಸೋದು ಬೇಡ ಅಂತ ಎಬ್ಬಿಸಲಿಲ್ಲ," ಎಂದರು ಹಿಂದಿಯಲ್ಲಿ.

"ಪಾಪ, ಹುಳಗಳಿಗೆ ಬಿಸಿಲಾಯ್ತಲ್ಲ?"

"ಅವು ಸಾವಿರಾರು ಉಂಟು, ರೆಕ್ಕೆ ಬಡಿದು ಗಾಳಿ ಹಾಕ್ಕೊಳ್ತವೆ. ನೀವು ಒಬ್ರೇ."

ಆ ಜೇನು ಊರಲ್ಲಿ ಎಂದೋ ಮುಗಿಯಿತು. ರೂಮಿನಲ್ಲಿ, ಕೆಲಸದಲ್ಲಿ ಎಲ್ಲರೂ ನನ್ನನ್ನು ಎಬ್ಬಿಸುವವರೇ. ಇಷ್ಟು ವರ್ಷಗಳಲ್ಲಿ ಮಲಗಲು ಬಿಟ್ಟವರು ಅವರೊಬ್ಬರೇ.