ಮಾತಿನ ಮೇಲೆ ಮಾರಿದ ಡಾಲರ್

ಸುಂಕದಕಟ್ಟೆಯ ಒಳರಸ್ತೆಯೊಂದರಲ್ಲಿ ಸಿದ್ದಲಿಂಗೇಶರ ಊದುಬತ್ತಿ ಶೆಡ್ಡು. ಇಪ್ಪತ್ತು ಹೆಂಗಸರು ಕೂತು ಬತ್ತಿ ಹೊಸೆಯುತ್ತಿದ್ದರು. ಸರಕೆಲ್ಲ ಅಮೆರಿಕಕ್ಕೆ ಹೋಗುತ್ತಿತ್ತು, ಶ್ರೀರಾಮಪುರದಿಂದ ಅಲ್ಲಿಗೆ ಹೋಗಿ ಪೂಜಾ ಸಾಮಾನಿನ ಸಗಟು ವ್ಯಾಪಾರಕ್ಕಿಳಿದ ಸುಬ್ರಮಣಿ ಎಂಬ ಒಬ್ಬನೇ ಗಿರಾಕಿಗೆ. ಶೆಡ್ಡು ಮುಚ್ಚದಂತೆ ಉಳಿಸಿಕೊಳ್ಳಬೇಕು ಎಂಬುದು ಬಿಟ್ಟರೆ ಸಿದ್ದಲಿಂಗೇಶರಿಗೆ ಬೇರೆ ಹಂಬಲವಿರಲಿಲ್ಲ. ದುರಾಸೆಯ ಮನುಷ್ಯ ಅಲ್ಲವೇ ಅಲ್ಲ. ಎಚ್ಚರಿಕೆ ವಹಿಸಲು ಹೋಗಿ ಮುಳುಗಿದರು, ಅದೇ ಹೊಟ್ಟೆ ಉರಿಯುವ ಸಂಗತಿ.

ಅವರ ವ್ಯವಹಾರವೆಲ್ಲ ಬಾಯಿಮಾತಿನದು. ದಾವಣಗೆರೆಯ ಮಂಡಿಪೇಟೆಯಲ್ಲಿ ತಂದೆ ಹಾಗೆಯೇ ವ್ಯಾಪಾರ ಮಾಡಿದ್ದರು, ಮಗನೂ ಹಾಗೆಯೇ ನಡೆಸಿದರು. ಪ್ರತಿ ಯುಗಾದಿಗೆ ಬೇವುಬೆಲ್ಲ ತಿಂದು ಸುಬ್ರಮಣಿಗೆ ಫೋನ್ ಮಾಡುವುದು, ಹೋದ ವರ್ಷದಷ್ಟೇ ಕಳಿಸಿ ಅಣ್ಣ ಎಂದು ಅವನು ಹೇಳುವುದು, ಅಲ್ಲಿಗೆ ವರ್ಷದ ಆರ್ಡರ್ ಮುಗಿಯಿತು. ಕಾಗದ ಕೇಳಿದರೆ ಅವನನ್ನು ಅನುಮಾನಿಸಿದಂತೆ ಎಂದು ಸಿದ್ದಲಿಂಗೇಶರ ಭಾವನೆ.

ಎರಡು ಸಾವಿರದ ಇಪ್ಪತ್ತೈದರ ಯುಗಾದಿಯೂ ಹಾಗೇ ಕಳೆಯಿತು. ಆದರೆ ಆ ದಿನಗಳಲ್ಲಿ ಡಾಲರ್ ಇಳಿಯುತ್ತಾ ಹೋಗಿ, ಹಳೆಯ ಸರಕಿನ ಹಣ ಕೈಸೇರುವ ಹೊತ್ತಿಗೆ ಲಾಭವೆಲ್ಲ ಕರಗಿತ್ತು. ಇನ್ನೂ ಇಳಿದರೆ ಹೆಂಗಸರ ಕೂಲಿಗೂ ತತ್ವಾರವಾದೀತೆಂದು ಹೆದರಿ ಅವರು ರಾಜಾಜಿನಗರದ ತಮ್ಮ ಬ್ಯಾಂಕಿಗೆ ಓಡಿದರು. ಅಲ್ಲಿನ ಅಧಿಕಾರಿ ಕವನಾ, ಮಗಳ ವಯಸ್ಸಿನವಳು, ಫಾರ್ವರ್ಡ್ ಕಾಂಟ್ರಾಕ್ಟ್ ಎಂದರೇನೆಂದು ಬಿಡಿಸಿ ಹೇಳಿದಳು. ಡಿಸೆಂಬರಿನಲ್ಲಿ ಕೊಡುವ ಡಾಲರಿಗೆ ಇವತ್ತೇ ಬೆಲೆ ಗೊತ್ತುಮಾಡುವುದು: ಒಂದಕ್ಕೆ ಎಂಬತ್ತಾರು ರೂಪಾಯಿ. ಆಮೇಲೆ ಪೇಟೆ ಏರಲಿ, ಇಳಿಯಲಿ, ಅಷ್ಟೇ ಬೆಲೆ. ಆದರೆ ಒಪ್ಪಿದಷ್ಟು ಡಾಲರನ್ನು ತಂದುಕೊಡಲೇಬೇಕು. ಸಿದ್ದಲಿಂಗೇಶರಿಗೆ ಹೋದ ಜೀವ ಬಂದಂತಾಯಿತು.

"ಕೈಯಲ್ಲಿ ಆರ್ಡರ್ ಇರೋಷ್ಟಕ್ಕೆ ಮಾತ್ರ ಮಾಡ್ಸಿ ಸಾರ್," ಎಂದಳು ಕವನಾ.

"ಸುಬ್ರಮಣಿ ಮಾತು ಕೊಟ್ಟಿದಾನಮ್ಮ. ಅದಕ್ಕಿಂತ ದೊಡ್ಡ ಆರ್ಡರ್ ಇದೆಯಾ?" ಎಂದು ಇವರು ವರ್ಷದ ಸರಕಿನ ಅಷ್ಟೂ ಡಾಲರಿಗೆ ಸಹಿ ಹಾಕಿ ಬಂದರು.

ವರ್ಷದ ಸರಕು ಹಡಗು ಹತ್ತುವ ಮೊದಲೇ, ಆಗಸ್ಟಿನಲ್ಲಿ, ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇಕಡಾ ಐವತ್ತಕ್ಕೆ ಏರಿಸಿತು. ಸುಬ್ರಮಣಿ ಫೋನ್ ಮಾಡಿ, ಈ ಬೆಲೆಗೆ ಇಲ್ಲಿ ಯಾರೂ ಕೊಳ್ಳುವುದಿಲ್ಲ, ನನಗೂ ಹೆಂಡತಿ ಮಕ್ಕಳಿದ್ದಾರೆ, ಇನ್ನು ಕಳಿಸಬೇಡಿ ಎಂದು ಕೈ ಎತ್ತಿಬಿಟ್ಟ. ಬೈಯೋಣವೆಂದರೆ ಬಾಯಿಗೆ ಬರುವುದಿಲ್ಲ. ಪಾಪ, ಅವನಾದರೂ ಏನು ಮಾಡಿಯಾನು. ಸಿದ್ದಲಿಂಗೇಶರು ಬೇರೆ ಗಿರಾಕಿಗಾಗಿ ಅಲೆದು ಚಪ್ಪಲಿ ಸವೆಸಿದರು. ಯಾರೂ ಸಿಗಲಿಲ್ಲ.

ಡಿಸೆಂಬರ್ ಬಂತು. ಡಾಲರ್ ತೊಂಬತ್ತು ಮುಟ್ಟಿತ್ತು, ಕೊಡಲು ಇವರ ಬಳಿ ಡಾಲರೇ ಇರಲಿಲ್ಲ. ತೊಂಬತ್ತಕ್ಕೆ ಕೊಂಡು ಎಂಬತ್ತಾರಕ್ಕೆ ಕೊಟ್ಟಂತೆ ಲೆಕ್ಕ ಹಿಡಿದು, ಬ್ಯಾಂಕು ಆ ವ್ಯತ್ಯಾಸವನ್ನು ಅವರ ಖಾತೆಯಿಂದಲೇ ಮುರಿದುಕೊಂಡಿತು. ಕೂಲಿಗೆ, ಗಂಧದಪುಡಿಗೆ ಎಂದು ಇಟ್ಟಿದ್ದ ದುಡ್ಡೆಲ್ಲ ಹೋಯಿತು. ಅವತ್ತೇ ಹೇಳಿದ್ದೆ ಎಂದು ಕವನಾ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಕುರುಬರಹಳ್ಳಿಯಲ್ಲಿ ಮನೆಯ ಹತ್ತಿರ ಸಿಕ್ಕವರೋ, ಡಾಲರ್ ಏರಿದೆ, ರಫ್ತಿನವರಿಗೆ ಹಬ್ಬ ಬಿಡಿ ಎಂದು ಬೆನ್ನು ತಟ್ಟುವವರೇ. ನಗಬೇಕೋ ಅಳಬೇಕೋ ತಿಳಿಯದೆ ಅವರು ಹೂಂಗುಟ್ಟಿ ಬರುತ್ತಿದ್ದರು.

ಉಳಿದ ಸರಕನ್ನು ಕೆಂಗೇರಿಯ ಅಂಗಡಿಯವನಿಗೆ ಸಿಕ್ಕಿದ ಬೆಲೆಗೆ ಸುರಿದು, ಶನಿವಾರ ಸಂಜೆ ಶೆಡ್ಡಿನ ಹೊರಗೆ ನಿಂತು ಎಲ್ಲರ ಕೂಲಿ ಬಟವಾಡೆ ಮಾಡಿದರು. ಕೊನೆಗೆ ಹಾಲವ್ವ ಬಂದಳು. ಹರಪನಹಳ್ಳಿ ಕಡೆಯವಳು, ಶೆಡ್ಡು ಶುರುವಾದಾಗಿನಿಂದ ಇದ್ದವಳು.

"ಡಾಲರ್ ಭಾಳ ಏರೇತಂತಲ್ರಿ ಸಾಹುಕಾರ್ರೆ," ಎಂದಳು, ದುಡ್ಡನ್ನು ಸೆರಗಿಗೆ ಕಟ್ಟಿಕೊಳ್ಳುತ್ತ. "ನಮ್ ಕೂಲಿನೂ ಒಂದೀಟು ಏರಸ್ರಿ."

ಉಳಿದವರೂ ಅವಳ ಹಿಂದೆ ಬಂದು ನಿಂತರು. ಆ ಡಾಲರ್ ಏರಿದ್ದರಿಂದಲೇ ಶೆಡ್ಡು ಮುಚ್ಚುತ್ತಿದೆ ಎಂದು ಇವರಿಗೆ ಹೇಗೆ ತಿಳಿಸುವುದು? ಸಿದ್ದಲಿಂಗೇಶರು ಕೂಲಿಯ ಲೆಕ್ಕದ ಪುಸ್ತಕ ಮುಚ್ಚಿದರು.

"ಸೋಮವಾರದಿಂದ ಬರಬೇಡಿ ಹಾಲವ್ವ."

ರಜೆಯೆಂದುಕೊಂಡು ಅವಳ ಮುಖ ಅರಳಿತು. "ಹಂಗಾದ್ರ ಊರಿಗೆ ಹೋಗಿ ಬರ್ತೀವ್ರಿ. ತಿರುಗಿ ಯಾವಾಗ ಬರಾಣ?"

ಸಿದ್ದಲಿಂಗೇಶರು ಅವಳಿಗೆ ಬೆನ್ನು ಹಾಕಿ ನಿಂತು, ಶೆಡ್ಡಿನ ಬಾಗಿಲು ಎಳೆಯತೊಡಗಿದರು.