ಅತ್ತಿಬೆಲೆ ಗಡಿಯ ಸೊಳ್ಳೆ ಬ್ಯಾಟು

ಶ್ರೀಲಂಕಾದ ಪ್ರವಾಸಿಗರನ್ನು ಮೈಸೂರಿಗೆ ಕರೆದೊಯ್ಯುತ್ತಿದ್ದ ನಮ್ಮ ಬಸ್ಸನ್ನು ಅತ್ತಿಬೆಲೆ ಗಡಿಯಲ್ಲಿ ಜ್ವರ ತಪಾಸಣೆಗೆ ನಿಲ್ಲಿಸಿದರು. ಒಬ್ಬ ಅಜ್ಜಿಯ ಮೈ ಬಿಸಿಯಾಗಿತ್ತು. ನರ್ಸ್ ಮಂಜುಳಕ್ಕ ಡೆಂಗಿ ಪರೀಕ್ಷೆಗೆಂದು ಅವರ ರಕ್ತ ತೆಗೆದುಕೊಂಡರು. ಅಜ್ಜಿಯನ್ನು ಉಳಿಸಿಕೊಂಡರೆ ನಾವೂ ಇಲ್ಲೇ ಉಳಿಯುತ್ತೇವೆ ಎಂದು ಬಸ್ಸಿಗೆ ಬಸ್ಸೇ ಹಟ ಹಿಡಿದು ಕೂತಿತು.

“ಡೆಂಗಿ ಇಲ್ಲ ಸಾರ್, ಬರೀ ಬಿಸಿಲಿನ ಕಾವು” ಎಂದು ಮಂಜುಳಕ್ಕ ಕೊನೆಗೆ ಗೈಡ್ ಆದ ನನಗೆ ಹೇಳಿದರು. ಚಪ್ಪಾಳೆ ಬಿತ್ತು. ಡ್ರೈವರ್ ಬಸ್ಸು ಸ್ಟಾರ್ಟ್ ಮಾಡಿದ.

“ಇರಣ್ಣ” ಎನ್ನುತ್ತ ಮಂಜುಳಕ್ಕ ಸೊಳ್ಳೆ ಬ್ಯಾಟು ಹಿಡಿದು ಬಸ್ಸು ಹತ್ತಿದರು. “ನಿಂತಿದ್ದಾಗ ನಮ್ಮೂರ ಸೊಳ್ಳೆಗಳು ಒಳಗೆ ಸೇರ್ಕೊಂಡಿರ್ತವೆ. ನೆಂಟರ ಜೊತೆ ಅವನ್ನ ಕಳ್ಸೋಕಾಗತ್ತಾ?”

ಬ್ಯಾಟು ಚಟಪಟ ಎಂದಾಗಲೆಲ್ಲ ಬಸ್ಸು ನಗುತ್ತಿತ್ತು. ಅಜ್ಜಿಯೂ ಬ್ಯಾಟು ಕೇಳಿ ಪಡೆದರು. ಅದನ್ನು ಅವರ ಕೈಯಿಂದ ಬಿಡಿಸಿಕೊಳ್ಳಲು ರಕ್ತ ಪರೀಕ್ಷೆಗಿಂತ ಹೆಚ್ಚು ಹೊತ್ತು ಹಿಡಿಯಿತು.